ಗುಳೇದಗುಡ್ಡದ ಹಳೆಯ ವಾಡೆಯನ್ನು ಊರಿನ ಕಲಾಕೇಂದ್ರವಾಗಿ ಉಳಿಸಿಕೊಳ್ಳುವುದು ಹೇಗೆ?

ವಿಷಯ ಮಂಡನೆ: ಓಣಿಯ ನಿವಾಸಿ, ನಿವೃತ್ತ ಶಿಕ್ಷಕ

ನಮ್ಮ ಓಣಿಯ ನಡುವಿನ ದೊಡ್ಡ ವಾಡೆಯನ್ನು ವಾರಸುದಾರರು ಮಾರಲು ಮನಸ್ಸು ಮಾಡಿದ್ದಾರೆಂಬ ಸುದ್ದಿ ಈಗ ಯಾರಿಗೂ ಹೊಸದಲ್ಲ. ಕೊಳ್ಳಲು ಮುಂದೆ ಬಂದಿರುವವರು ಹಳೆಯ ಕಟ್ಟಿಗೆಯ ವ್ಯಾಪಾರಿಗಳು. ಅವರಿಗೆ ಬೇಕಾಗಿರುವುದು ಪಡಸಾಲೆಯ ಸಾಗವಾನಿ ಕಂಬಗಳು, ಕಂಬದ ತಲೆಯ ಮೇಲಿನ ಬೋದಿಗೆಗಳು, ತೊಲೆಗಳು ಮತ್ತು ತಲೆಬಾಗಿಲು ಮಾತ್ರ. ಕಟ್ಟಿಗೆ ಬಿಚ್ಚಿ ಲಾರಿಗೆ ಹೇರಿದ ಮೇಲೆ ಉಳಿಯುವ ಕಲ್ಲುಮಣ್ಣಿನ ಗೋಡೆಗಳು ಹೆಚ್ಚು ಮಳೆಗಾಲ ತಾಳುವುದಿಲ್ಲ. ಜಾಗ ತುಂಡು ತುಂಡಾಗಿ ಸೈಟುಗಳಾಗುತ್ತದೆ.

ಒಳಗೆ ಹೋಗಿ ನೋಡದ ಕಿರಿಯರಿಗಾಗಿ ಎರಡು ಮಾತು ಹೇಳುತ್ತೇನೆ. ಹೊರಗೆ ಎರಡೂ ಬದಿಗೆ ಕಟ್ಟೆ, ತಲೆಬಾಗಿಲು ದಾಟಿದರೆ ಆಕಾಶಕ್ಕೆ ತೆರೆದ ಚೌಕ, ಅದರ ಮೂರು ಕಡೆಗೆ ಪಡಸಾಲೆ. ಬಲಗಡೆಯ ಎರಡನೆಯ ಕಂಬದ ಬೋದಿಗೆಯಲ್ಲಿ ಜೋಡಿ ಗಿಳಿಗಳಿವೆ, ಒಂದರ ಕೊಕ್ಕು ಮುರಿದಿದೆ. ಆ ಕಂಬದ ಬುಡದ ಕೆಂಪುಗಲ್ಲು, ಎಷ್ಟೋ ತಲೆಮಾರಿನ ಜನ ಒರಗಿ ಕೂತು ಕೂತು, ಕೈಯಿಟ್ಟರೆ ಜಾರುವಷ್ಟು ನುಣುಪಾಗಿದೆ. ಎಡ ಪಡಸಾಲೆಯಲ್ಲಿ ಒಂದು ಕಾಲಕ್ಕೆ ಖಣ (ಕುಪ್ಪಸದ ಬಟ್ಟೆ) ನೇಯುತ್ತಿದ್ದ ಎರಡು ಮಗ್ಗದ ಕುಣಿಗಳು ಈಗಲೂ ಹಾಗೆಯೇ ಇವೆ.

ನಮ್ಮ ಭಾಗದಲ್ಲಿ ಶ್ರೀಕೃಷ್ಣ ಪಾರಿಜಾತದ ಆಟ, ಬಯಲಾಟ, ಭಜನೆ, ಸೋಬಾನೆ ಯಾವುದಕ್ಕೂ ಕಲಾವಿದರ ಕೊರತೆಯಿಲ್ಲ. ಸಂಜೆ ಕೂತು ಕಲಿಯುವುದಕ್ಕೆ, ಅದರಲ್ಲೂ ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಬಂದು ಕಲಿಯುವುದಕ್ಕೆ, ಒಂದು ಜಾಗ ಬೇಕಾಗಿದೆ. ಈ ವಾಡೆಯನ್ನು ಊರವರೆಲ್ಲ ಸೇರಿ ಕಲಾಕೇಂದ್ರವಾಗಿ ಉಳಿಸಿಕೊಳ್ಳಬೇಕೆಂಬುದು ನನ್ನ ಪ್ರಸ್ತಾಪ. ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ: ಬಣ್ಣ ಬಳಿದು, ಫಲಕ ಹಾಕಿ, ಬೀಗ ಜಡಿದಿಡುವ ಸ್ಮಾರಕ ನನಗೆ ಬೇಕಾಗಿಲ್ಲ. ದಿನವೂ ಕಸ ಗುಡಿಸಿ, ದೀಪ ಹಚ್ಚಿ, ಜನ ಕೂತೇಳುವ ಮನೆಯಾಗಿ ಅದು ಉಳಿಯುವುದಾದರೆ ಮಾತ್ರ ಈ ಶ್ರಮಕ್ಕೆ ಅರ್ಥವಿದೆ. ಪಕ್ಕದ ಐಹೊಳೆಯಲ್ಲಿ ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಅಲ್ಲಿ ವಾಸವಾಗಿದ್ದ ಮನುಷ್ಯನಿಂದ. ಕಟ್ಟಡ ಯಾವುದೇ ಇರಲಿ, ಅದನ್ನು ಬಳಸುವವರೇ ಅದಕ್ಕೆ ಕಾವಲು. ನಿಮ್ಮೆಲ್ಲರ ಅಭಿಪ್ರಾಯ, ವಿರೋಧವಿದ್ದರೆ ಅದನ್ನೂ, ಇಲ್ಲಿ ಬರೆಯಬೇಕೆಂದು ಕೋರುತ್ತೇನೆ.

ಪ್ರತಿಕ್ರಿಯೆ: ವಾರಸುದಾರರಲ್ಲಿ ಒಬ್ಬರು, ಸೊಲ್ಲಾಪುರದಿಂದ

ಗುರುಗಳೇ, ನಮಸ್ಕಾರ. ನೀವು ಹೇಳಿದ ಆ ಕಂಬದ ಬುಡದಲ್ಲಿಯೇ ನಮ್ಮ ಅಜ್ಜ ಕೂಡುತ್ತಿದ್ದರು, ನಿಮಗೂ ನೆನಪಿರಬಹುದು. ಮನೆಯ ಮೇಲೆ ನಮಗೆ ಪ್ರೀತಿಯಿಲ್ಲವೆಂದು ಊರಿನವರು ದಯವಿಟ್ಟು ತಿಳಿಯಬಾರದು. ನಮ್ಮ ಅಪ್ಪ ನೇಕಾರಿಕೆಯಲ್ಲಿ ಹೊಟ್ಟೆ ತುಂಬದೆ ಸೊಲ್ಲಾಪುರಕ್ಕೆ ಬಂದರು, ಒಬ್ಬ ಕಾಕಾ ಇಚಲಕರಂಜಿಗೆ ಹೋದರು, ಅತ್ತೆಯರು ಮದುವೆಯಾಗಿ ಒಂದೊಂದು ಊರು ಸೇರಿದರು. ಅಜ್ಜಿ ತೀರಿಕೊಂಡ ಮೇಲೆ ಮಾಳಿಗೆಗೆ (ಮಣ್ಣಿನ ಚಾವಣಿಗೆ) ಮಣ್ಣು ಹಾಕಿಸುವವರೇ ಇಲ್ಲವಾದರು. ಮನೆಪಟ್ಟಿಯನ್ನು ನಾವು ಕಟ್ಟುತ್ತಲೇ ಬಂದಿದ್ದೇವೆ. ಗೋಡೆ ಬಿದ್ದು ರಸ್ತೆಯಲ್ಲಿ ಆಡುವ ಮಕ್ಕಳಿಗೆ ಏನಾದರೂ ಆದರೆ ಅದಕ್ಕೆ ಹೊಣೆ ಯಾರೆಂಬ ಭಯ ಪ್ರತಿ ಮಳೆಗಾಲದಲ್ಲಿಯೂ ನಮ್ಮನ್ನು ಕಾಡುತ್ತದೆ.

ನಾವು ಯಾರೂ ಸ್ಥಿತಿವಂತರಲ್ಲ. ಒಬ್ಬ ತಮ್ಮನ ಮಗಳ ಓದು ನಡೆದಿದೆ, ಒಬ್ಬ ಅತ್ತೆಗೆ ಔಷಧದ ಖರ್ಚಿದೆ. ಮನೆಯನ್ನು ಪುಕ್ಕಟೆಯಾಗಿ ಊರಿಗೆ ಬಿಟ್ಟುಕೊಡಿರೆಂದು ಕೇಳಿದರೆ ನಾನು ಒಪ್ಪಿದರೂ ಎಲ್ಲರೂ ಒಪ್ಪುವುದಿಲ್ಲ, ಒಪ್ಪಬೇಕೆಂದು ಒತ್ತಾಯಿಸುವುದು ನ್ಯಾಯವೂ ಅಲ್ಲ. ಕಂಬಗಳು ಯಾವುದೋ ಊರಿನ ರೆಸಾರ್ಟ್ ಸೇರುವುದಕ್ಕಿಂತ ನಿಂತಲ್ಲಿಯೇ ನಿಲ್ಲಲಿ ಎಂಬ ಆಸೆ ನಮ್ಮೆಲ್ಲರಿಗೂ ಇದೆ. ಗೌರವಯುತವಾದ ದಾರಿಯೊಂದನ್ನು ನೀವು ತೋರಿಸಿದರೆ, ವ್ಯಾಪಾರಿಗಳಿಗೆ ಕೊಡಬೇಕಾದ ಉತ್ತರವನ್ನು ಯುಗಾದಿಯವರೆಗೆ ತಡೆಹಿಡಿಯಲು ಉಳಿದವರನ್ನು ಒಪ್ಪಿಸುತ್ತೇನೆ.

ಪ್ರತಿಕ್ರಿಯೆ: ನಿವೃತ್ತ ಸಿವಿಲ್ ಇಂಜಿನಿಯರ್, ಬಾಗಲಕೋಟೆ ನವನಗರ

ಕಳೆದ ವಾರ ಗುರುಗಳ ಜೊತೆ ಹೋಗಿ ವಾಡೆಯನ್ನು ಹೊರಗಿನಿಂದಲೂ ಒಳಗಿನಿಂದಲೂ ನೋಡಿ ಬಂದೆ. ಕಟ್ಟಡ ಗಟ್ಟಿಯಾಗಿದೆ, ಅದರ ಮೇಲಿನ ಹೊರೆ ಮಾತ್ರ ಮಿತಿ ಮೀರಿದೆ. ನಮ್ಮ ಕಡೆಯ ಮಾಳಿಗೆ ಮನೆಗಳ ರೋಗವೇ ಇದು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಟ್ಟಿಗೆಯ ಚಕ್ಕೆ ಮತ್ತು ಸೊಪ್ಪಿನ ಪದರ, ಅದರ ಮೇಲೆ ಮಣ್ಣು. ಪ್ರತಿವರ್ಷ ಮಿರಗದ (ಮೃಗಶಿರಾ) ಮಳೆ ಬೀಳುವ ಮೊದಲು ಸೋರುವಲ್ಲಿ ಹೊಸ ಮಣ್ಣು ಹಾಕುವ ರೂಢಿಯುಂಟು, ಆದರೆ ಹಳೆಯ ಮಣ್ಣನ್ನು ತೆಗೆದು ಹಾಕುವವರು ಕಡಿಮೆ. ಹೀಗೆ ತಲೆಮಾರುಗಳ ಕಾಲ ಪದರದ ಮೇಲೆ ಪದರ ಕೂತು, ಮಳೆ ನೀರು ಕುಡಿದಾಗ ಅದರ ತೂಕ ಇನ್ನಷ್ಟು ಹೆಚ್ಚಿ, ತೊಲೆಗಳು ನಡುವೆ ಬಾಗತೊಡಗುತ್ತವೆ. ಆದ್ದರಿಂದ ಮೊದಲ ಕೆಲಸ ಹೊಸದೇನನ್ನಾದರೂ ಸೇರಿಸುವುದಲ್ಲ, ಮೇಲಿನ ಹೆಚ್ಚುವರಿ ಮಣ್ಣನ್ನು ಇಳಿಸುವುದು. ಅದನ್ನೂ ಒಂದೇ ಬದಿಯಿಂದ ಅಗೆಯುತ್ತ ಹೋಗದೆ, ಕೆಳಗೆ ತೊಲೆಗಳಿಗೆ ಊರೆಗೋಲು ಕೊಟ್ಟು, ಎರಡೂ ಕಡೆ ಸಮವಾಗಿ, ತೆಳುವಾದ ಪದರಗಳಲ್ಲಿ ತೆಗೆಯಬೇಕು.

ಎರಡನೆಯದಾಗಿ, ತೊಲೆಗಳ ತುದಿಗಳನ್ನು ನೋಡಬೇಕು. ನಡುಭಾಗ ಎಷ್ಟೇ ಗಟ್ಟಿಯಾಗಿ ಕಂಡರೂ ಗೋಡೆಯೊಳಗೆ ಹುದುಗಿದ ತುದಿ ಗಾಳಿಯಾಡದೆ, ಹಸಿ ಹಿಡಿದು, ಮೊದಲು ಕೊಳೆಯುತ್ತದೆ. ಗೆದ್ದಲು ಏರುವುದೂ ಅಲ್ಲಿಂದಲೇ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳಗೆ ಟೊಳ್ಳಾದ ಕಟ್ಟಿಗೆ ಬೇರೆಯೇ ಸದ್ದು ಕೊಡುತ್ತದೆ. ಉತ್ತರದ ಪಡಸಾಲೆಯಲ್ಲಿ ಮೂರು ತೊಲೆಗಳಿಗೆ ಆ ಸದ್ದು ಬಂತು. ಅವುಗಳನ್ನು ಪೂರ್ತಿ ಬದಲಿಸುವ ಅಗತ್ಯವಿಲ್ಲ. ಕೊಳೆತ ತುದಿಯನ್ನಷ್ಟೇ ಕತ್ತರಿಸಿ ಹೊಸ ಸಾಗವಾನಿಯ ತುಂಡನ್ನು ಬೆಸುಗೆ ಹಾಕಬಹುದು, ಇಲ್ಲವೇ ಗೋಡೆಯಿಂದ ಕಲ್ಲಿನ ಆಸರೆ ಚಾಚಿಸಿ ಗಟ್ಟಿಯಿರುವ ಭಾಗವನ್ನೇ ಅದರ ಮೇಲೆ ಕೂಡಿಸಬಹುದು. ಹಳೆಯ ಬಡಿಗರ ಕೈಯಲ್ಲಿ ಈ ಕೆಲಸ ಇನ್ನೂ ಇದೆ.

ಮೂರನೆಯದು ಸಿಮೆಂಟು. ರಸ್ತೆ ಕಡೆಯ ಗೋಡೆಗೆ ಯಾರೋ ಸದುದ್ದೇಶದಿಂದಲೇ ಆಳೆತ್ತರ ಸಿಮೆಂಟು ಗಿಲಾವು ಮಾಡಿಸಿದ್ದಾರೆ. ಕಲ್ಲುಮಣ್ಣಿನ ಗೋಡೆ ನೆಲದ ಹಸಿಯನ್ನು ಎಳೆದುಕೊಂಡು ಮೈಯಿಂದ ಹೊರಗೆ ಬಿಡುತ್ತ ಒಣಗುತ್ತಿರುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುವುದರಿಂದ ಹಸಿ ಮೇಲೇರಿ, ಸಿಮೆಂಟು ಮುಗಿಯುವ ಗೆರೆಯ ಮೇಲೆ ಮಣ್ಣು ಉದುರತೊಡಗುತ್ತದೆ. ನಮ್ಮ ವಾಡೆಯಲ್ಲಿ ಸರಿಯಾಗಿ ಅದೇ ಗೆರೆಯಲ್ಲಿ ಬೆರಳು ಹೋಗುವಷ್ಟು ಸಂದಿ ಬಿದ್ದಿದೆ. ಗೋಡೆ ಹೊರಕ್ಕೆ ಉಬ್ಬಿರುವುದು ಅಲ್ಲಿಯೇ. ಸಿಮೆಂಟನ್ನು ಬಿಡಿಸಿ, ಸುಣ್ಣದ ಗಚ್ಚಿನಿಂದ ಸಂದಿ ತುಂಬಿ, ಗೋಡೆ ಒಣಗಲು ಸಮಯ ಕೊಡಬೇಕು. ಮಾಳಿಗೆಯ ನೀರನ್ನು ಹೊರಗೆ ಬೀಳಿಸುವ ಕಲ್ಲಿನ ದೋಣಿಗಳಲ್ಲಿ ಎರಡು ಕಟ್ಟಿಕೊಂಡಿವೆ, ಅವನ್ನು ತೆರವು ಮಾಡಲು ಒಂದು ಮಧ್ಯಾಹ್ನ ಸಾಕು.

ಕಲಾಕೇಂದ್ರದ ವಿಷಯದಲ್ಲಿ ನನ್ನದೊಂದು ಷರತ್ತು. ಅಟ್ಟದ ಮೇಲೆ ಜನರನ್ನು ಕೂಡಿಸಬಾರದು, ಕುಣಿತದ ಅಭ್ಯಾಸವೆಲ್ಲ ಚೌಕದ ಹಾಸುಗಲ್ಲಿನ ಮೇಲೆಯೇ ನಡೆಯಬೇಕು. ಶೌಚಾಲಯವನ್ನು ಹಿತ್ತಲಿನಲ್ಲಿ ಹಳೆಯ ಗೋಡೆಗೆ ತಾಗದಂತೆ ಬೇರೆಯಾಗಿ ಕಟ್ಟಬೇಕು. ವಿದ್ಯುತ್ ತಂತಿಗಾಗಿ ಗೋಡೆ ಕೊರೆಯಬಾರದು.

ಪ್ರತಿಕ್ರಿಯೆ: ಖಣ ನೇಯುವ ಮನೆಯ ಮಗಳು

ಹಿರಿಯರೆಲ್ಲರಿಗೂ ಶರಣು. ಕಟು ಅನ್ನಿಸಿದರೆ ಕ್ಷಮಿಸಿ, ಆದರೆ ಈ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕು. ಇದೇ ಊರಿನಲ್ಲಿ ನಡೆಯುತ್ತಿರುವ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿರುವಾಗ, ನಿಂತುಹೋದ ಮಗ್ಗದ ಕುಣಿಯೊಂದನ್ನು ಉಳಿಸಲು ಹಣ ಕೂಡಿಸುವುದು ಸರಿಯೇ? ಗುಳೇದಗುಡ್ಡದ ಖಣಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಉಡಿ ತುಂಬುವಾಗ ಖಣವಿಲ್ಲದೆ ನಮ್ಮ ಕಡೆ ಶಾಸ್ತ್ರ ಪೂರ್ತಿಯಾಗುವುದಿಲ್ಲ. ಹೀಗಿದ್ದೂ ವಿದ್ಯುತ್ ಮಗ್ಗದ ಅಗ್ಗದ ಬಟ್ಟೆಯೇ ಖಣವೆಂದು ಅಂಗಡಿಯಲ್ಲಿ ಮಾರಾಟವಾಗುತ್ತದೆ, ನನ್ನ ಅವ್ವನ ದಿನದ ದುಡಿಮೆಗೆ ಸಿಗುವುದು ಮಾತ್ರ ಅಷ್ಟಕ್ಕಷ್ಟೇ.

ನಾನು ವಿರೋಧಿಸುತ್ತಿಲ್ಲ. ಕಲಾಕೇಂದ್ರವೆಂದರೆ ಹಾಡು, ಕುಣಿತ, ನಾಟಕ ಎಂದಷ್ಟೇ ತಿಳಿಯದೆ ನೇಕಾರಿಕೆಯನ್ನೂ ಕಲೆಯೆಂದು ಒಪ್ಪಿಕೊಳ್ಳುವುದಾದರೆ ನಾನು ಮೊದಲ ದಿನವೇ ಬರುತ್ತೇನೆ. ಆ ಎರಡು ಕುಣಿಗಳಲ್ಲಿ ಮತ್ತೆ ಮಗ್ಗ ಹೂಡಬೇಕು. ತೇರು, ಆನೆಹೆಜ್ಜೆಯಂಥ ವಿನ್ಯಾಸಗಳನ್ನು ತೆಗೆಯಬಲ್ಲ ಹಿರಿಯರು ವಾರದಲ್ಲಿ ಗೊತ್ತಾದ ದಿನ ಅಲ್ಲಿ ಕೂತು ಕಲಿಸಬೇಕು, ಕಲಿಸಿದ್ದಕ್ಕೆ ಅವರಿಗೆ ಸಂಭಾವನೆ ಸಿಗಬೇಕು. ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಬರುವ ಪ್ರವಾಸಿಗರು ನಮ್ಮ ಊರನ್ನು ಬಗಲಲ್ಲಿಟ್ಟುಕೊಂಡೇ ಹಾದು ಹೋಗುತ್ತಾರೆ. ಅವರು ಇಲ್ಲಿ ಇಳಿದು, ನೇಯುವುದನ್ನು ಕಣ್ಣಾರೆ ನೋಡಿ, ನೇಯ್ದವರ ಕೈಯಿಂದಲೇ ಖಣ ಕೊಂಡರೆ ಬಂದ ಲಾಭದ ಒಂದು ಪಾಲು ಮಾಳಿಗೆಯ ಮಣ್ಣಿಗೂ ಸಲ್ಲುತ್ತದೆ.

ಇನ್ನೊಂದು ಮಾತು. ಬೀಗದ ಕೈ ಯಾರ ಬಳಿ ಇರುತ್ತದೆ? ಗಂಡಸರ ಕೈಯಲ್ಲಿಯೇ ಇದ್ದರೆ ನಮ್ಮ ಓಣಿಯ ಹೆಣ್ಣುಮಕ್ಕಳು ಸಂಜೆ ಅಲ್ಲಿಗೆ ಬರುವುದಿಲ್ಲ. ಸಮಿತಿಯಲ್ಲಿ ಅರ್ಧದಷ್ಟಾದರೂ ಹೆಂಗಸರು ಇರಲೇಬೇಕು.

ಪ್ರತಿಕ್ರಿಯೆ: ಕಾಲೇಜು ವಿದ್ಯಾರ್ಥಿ

ಅಕ್ಕಾವರ ಮಾತು ನನಗೆ ಪೂರ್ತಿ ಒಪ್ಪಿಗೆ. ಆದರೆ ಇಷ್ಟೆಲ್ಲ ಹೊಣೆಯನ್ನು ಊರವರೇ ಏಕೆ ಹೊರಬೇಕು? ರಾಜ್ಯದ ಪುರಾತತ್ತ್ವ ಇಲಾಖೆಗೆ ಮನವಿ ಕೊಟ್ಟು ಸಂರಕ್ಷಿತ ಸ್ಮಾರಕವೆಂದು ಘೋಷಿಸಿಬಿಟ್ಟರೆ ಯಾವ ವ್ಯಾಪಾರಿಯೂ ಕೈ ಹಚ್ಚಲಾರ ಎಂದು ನನ್ನ ಅನಿಸಿಕೆ.

ಪ್ರತಿಕ್ರಿಯೆ: ವಕೀಲರು, ಬಾದಾಮಿ

ತಮ್ಮಾ, ನಿನ್ನ ಸಲಹೆಯನ್ನು ತಳ್ಳಿಹಾಕುವಂತಿಲ್ಲ. 1961ರ ಕರ್ನಾಟಕ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ನೂರು ವರ್ಷಕ್ಕೆ ಕಡಿಮೆಯಿಲ್ಲದ ಐತಿಹಾಸಿಕ ಮಹತ್ತ್ವದ ಕಟ್ಟಡವನ್ನು ಸಂರಕ್ಷಿತವೆಂದು ಘೋಷಿಸಲು ಅವಕಾಶವಿದೆ. ಆದರೆ ಹಾಗೆ ಘೋಷಿಸಿದ ಮೇಲೆ ಒಂದು ಮೊಳೆ ಹೊಡೆಯುವುದಕ್ಕೂ ಅನುಮತಿ ಕೇಳುವ ಸ್ಥಿತಿ ಬರಬಹುದು. ಮಗ್ಗ ಹೂಡುವುದು, ಹಿತ್ತಲಿನಲ್ಲಿ ಶೌಚಾಲಯ ಕಟ್ಟುವುದು ಎಲ್ಲವೂ ಕಡತದ ವಿಷಯವಾಗುತ್ತವೆ. ಅರಮನೆ, ಗುಡಿ, ಕೋಟೆಗೆ ಅದು ತಕ್ಕ ದಾರಿ. ಜನ ದಿನವೂ ಬಳಸಬೇಕಾದ ಮನೆಗೆ ಅದು ಮೊದಲ ದಾರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಕಾಗದಪತ್ರದ ಕೆಲಸ ಹೀಗೆ ಸಾಗಬೇಕು. ಪುರಸಭೆಯ ಉತಾರದಲ್ಲಿ (ಆಸ್ತಿಯ ದಾಖಲೆಯಲ್ಲಿ) ಈಗಲೂ ಅಜ್ಜನ ಹೆಸರೇ ಇದ್ದರೆ ಮೊದಲು ಎಲ್ಲರ ವಾರಸಾ ದಾಖಲಾಗಬೇಕು. ಎಲ್ಲರೆಂದರೆ ಅತ್ತೆಯರೂ ಸೇರಿ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕಿದೆ. ಅವರ ಸಹಿಯಿಲ್ಲದೆ ಮಾಡಿಕೊಂಡ ಯಾವ ಒಪ್ಪಂದವೂ ಮುಂದೆ ನ್ಯಾಯಾಲಯದ ಮೆಟ್ಟಿಲೇರಬಹುದು, ಆಗ ಕಲಾಕೇಂದ್ರಕ್ಕೆ ಬೀಗ ಬೀಳುತ್ತದೆ.

ವಾರಸುದಾರರು ದಾನ ಕೊಡಲಾರರು, ಊರವರು ಕೊಳ್ಳಲಾರರು. ನಡುವಿನ ದಾರಿ ದೀರ್ಘಾವಧಿಯ ಲಾವಣಿ, ಅಂದರೆ ಗುತ್ತಿಗೆ. ಮಾಲೀಕತ್ವ ಕುಟುಂಬದಲ್ಲಿಯೇ ಉಳಿಯುತ್ತದೆ, ಮೂವತ್ತು ವರ್ಷ ಬಳಸುವ ಹಕ್ಕು ಊರಿನ ಸಂಘಕ್ಕೆ ಬರುತ್ತದೆ, ದುರಸ್ತಿಯ ಖರ್ಚು ಸಂಘದ್ದು, ಕುಟುಂಬಕ್ಕೆ ವರ್ಷಕ್ಕೊಮ್ಮೆ ಒಪ್ಪಿತವಾದ ಬಾಡಿಗೆ ಸಲ್ಲುತ್ತದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಲಾವಣಿ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಛಾಪಾ ಕಾಗದದ ಮೇಲೆ ಬರೆದಿಟ್ಟುಕೊಂಡರೆ ಸಾಲದು. ಕುಟುಂಬದವರು ಮುಂದೆಂದಾದರೂ ಮಾರುವುದಾದರೆ ಮೊದಲು ಸಂಘಕ್ಕೇ ಕೇಳಬೇಕೆಂಬ ಕಲಮನ್ನು ಅದರಲ್ಲಿ ತಪ್ಪದೆ ಸೇರಿಸಬೇಕು.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ವರ್ಷವರ್ಷ ಲೆಕ್ಕಪತ್ರ ಸಲ್ಲಿಸುವ ಶಿಸ್ತು ಇಲ್ಲದಿದ್ದರೆ ಸಂಘ ಕಟ್ಟದಿರುವುದೇ ಲೇಸು. ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣದ ಬಗ್ಗೆ ಹಲವರು ನನ್ನನ್ನು ವಿಚಾರಿಸಿದ್ದಾರೆ. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಐತಿಹಾಸಿಕ ಕಟ್ಟಡಗಳ ಪುನರುಜ್ಜೀವನಕ್ಕೂ ಸಾಂಪ್ರದಾಯಿಕ ಕಲೆ, ಕರಕುಶಲಗಳಿಗೂ ಜಾಗವಿರುವುದು ನಿಜ. ಆದರೆ ಊರವರು ಕಟ್ಟಿದ ಸಂಘಕ್ಕೆ ಆ ಹಣ ನೇರವಾಗಿ ಬರಬೇಕಾದರೆ ಅಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ತೋರಿಸಬೇಕಾಗುತ್ತದೆ. ಹಾಗಾಗಿ ಮೊದಲ ಮೂರು ವರ್ಷ ನಮ್ಮ ಕೈಯಿಂದಲೇ ನಡೆಯಬೇಕು. ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ, 80ಜಿ ಎಂದು ಪರಿಚಿತವಾದ ನೋಂದಣಿ ಮಾಡಿಸಿದರೆ ದೇಣಿಗೆದಾರರಿಗೆ ಅನುಕೂಲವಾಗುತ್ತದೆ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಆ ವಿನಾಯಿತಿ ಸಿಗುವುದಿಲ್ಲವಾದ್ದರಿಂದ ದೊಡ್ಡ ಮೊತ್ತವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ.

ಪ್ರತಿಕ್ರಿಯೆ: ಓಣಿಯ ನಿವಾಸಿ, ನಿವೃತ್ತ ಶಿಕ್ಷಕ

ಬೇರೆ ಊರುಗಳಲ್ಲಿ ನಡೆದುದನ್ನು ಇಲ್ಲಿ ನೆನೆಯುವುದು ಉಪಯುಕ್ತ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು ಕೆಡವಲು 2011ರಲ್ಲಿ ಕೈಹಚ್ಚಿದ್ದರು. ಜನ ದನಿಯೆತ್ತಿದ್ದರಿಂದ ಅದು ನಿಂತು, ಸಾರ್ವಜನಿಕ ಸ್ವತ್ತಾಗಿ, 2016ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. 1892ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಬೆಳಗಾವಿ ಕೋಟೆಯೊಳಗಿನ ಮನೆ ಈಗ ರಾಮಕೃಷ್ಣ ಮಿಷನ್ನಿನ ಆರೈಕೆಯಲ್ಲಿದೆ. ಇದಕ್ಕೆ ವಿರುದ್ಧವಾಗಿ, ಧಾರವಾಡದ ಶುಕ್ರವಾರ ಪೇಟೆಯಲ್ಲಿ ಗಂಗೂಬಾಯಿ ಹಾನಗಲ್ಲರು ಹುಟ್ಟಿದ ಮನೆಯನ್ನು ದುರಸ್ತಿ ಮಾಡಿ ಸಂಗ್ರಹಾಲಯವಾಗಿಸಿದ ಮೇಲೂ, ನಿತ್ಯದ ನಿಗಾ ಇಲ್ಲದೆ ಅದು ಮತ್ತೆ ಶಿಥಿಲವಾಯಿತು. ಅಂಥ ಮಹಾನ್ ಗಾಯಕಿಯ ಹೆಸರಿದ್ದ ಮನೆಗೇ ಈ ಗತಿಯಾದರೆ, ಯಾವ ಪ್ರಸಿದ್ಧರ ಹೆಸರೂ ಇಲ್ಲದ ನಮ್ಮ ವಾಡೆಯನ್ನು ಹೆಸರಿನ ಬಲದಿಂದ ಉಳಿಸುವುದು ಸಾಧ್ಯವೇ ಇಲ್ಲ. ನಮ್ಮ ಜಿಲ್ಲೆಯ ನೆರೆಯನ್ನು ಇನ್ನೂ ಮರೆತಿಲ್ಲ. 2019ರಲ್ಲಿ ಮಲಪ್ರಭೆ ಉಕ್ಕಿ ಎಷ್ಟೋ ಮಣ್ಣಿನ ಮನೆಗಳು ಕುಸಿದಾಗಿನಿಂದ ಮಾಳಿಗೆ ಮನೆಯೆಂದರೆ ಜನರಿಗೆ ಹೆದರಿಕೆ ಹುಟ್ಟಿದೆ. ಒಂದು ಮನೆಯನ್ನಾದರೂ ಸರಿಯಾಗಿ ದುರಸ್ತಿ ಮಾಡಿ ತೋರಿಸಿದರೆ ಆ ಹೆದರಿಕೆ ಕಡಿಮೆಯಾಗಿ, ಇನ್ನೂ ಕೆಲವು ಮನೆಯವರು ಕೆಡವುವ ಮೊದಲು ಒಮ್ಮೆ ಯೋಚಿಸುತ್ತಾರೆ.

ಶಿವಮೊಗ್ಗ ಜಿಲ್ಲೆಯ ಹೆಗ್ಗೋಡು ನಮ್ಮ ಊರಿಗಿಂತಲೂ ಚಿಕ್ಕದು. ಅಲ್ಲಿ 1949ರಲ್ಲಿ ಊರವರೇ ಹುಟ್ಟುಹಾಕಿದ ನಾಟಕ ಸಂಸ್ಥೆ ನೀನಾಸಮ್ ಇಂದಿಗೂ ನಡೆಯುತ್ತಿದೆ.

ಪ್ರತಿಕ್ರಿಯೆ: ಪಾರಿಜಾತದ ಹಿರಿಯ ಕಲಾವಿದರು (ಮೊಮ್ಮಗ ಬರೆದುಕೊಂಡದ್ದು)

ಕುಲಗೋಡ ತಮ್ಮಣ್ಣನವರ ಪಾರಿಜಾತವನ್ನು ಮನೆಮನೆಗೆ ಮುಟ್ಟಿಸಿದ ಕೌಜಲಗಿ ನಿಂಗಮ್ಮನವರ ಹೆಸರನ್ನು ಈಗಿನ ಹುಡುಗರು ಕೇಳಿರಲಿಕ್ಕಿಲ್ಲ. ಹೆಣ್ಣುಮಗಳೊಬ್ಬಳು ಮೇಳ ಕಟ್ಟಿ ಊರೂರು ತಿರುಗಿದ ಆಟವದು, ಆದ್ದರಿಂದ ಬೀಗದ ಕೈ ಹೆಂಗಸರ ಹತ್ತಿರ ಇರಲಿ ಎಂದ ತಂಗಿಯ ಮಾತು ನನಗೆ ಸಂತೋಷ ಕೊಟ್ಟಿತು. ಪಾರಿಜಾತಕ್ಕೆ ಪರದೆ ಬೇಡ, ಧ್ವನಿವರ್ಧಕ ಬೇಡ. ಭಾಗವತ ನಿಲ್ಲುವುದಕ್ಕೆ ಒಂದು ಮೂಲೆ, ಕೊರವಂಜಿ ಬುಟ್ಟಿ ಹೊತ್ತು ತಿರುಗುವಷ್ಟು ಅಂಗಳ, ಮೂರು ಕಡೆ ಕೂತು ನೋಡುವ ಜನ, ಇಷ್ಟಿದ್ದರೆ ಬೆಳಗಾಗುವವರೆಗೆ ಆಟ ನಡೆಯುತ್ತದೆ. ಆ ವಾಡೆಯ ಚೌಕದಲ್ಲಿ ನಾನು ದೂತಿಯ ಪಾತ್ರ ಮಾಡಿದ್ದೇನೆ. ಪಡಸಾಲೆಯ ಮಣ್ಣಿನ ಗೋಡೆ ದನಿಯನ್ನು ಒಡೆಯುವುದಿಲ್ಲ, ಮೆಲ್ಲಗೆ ಹೇಳಿದ ಮಾತೂ ಹಿಂದೆ ಕೂತವರಿಗೆ ಕೇಳಿಸುತ್ತಿತ್ತು. ಈಗಿನ ಸಭಾಭವನಗಳ ತಗಡಿನ ಕೆಳಗೆ ಮೈಕಿಲ್ಲದೆ ಒಂದು ಪದವೂ ತಿಳಿಯುವುದಿಲ್ಲ.

ಉದ್ಘಾಟನೆಗೆ ದೊಡ್ಡವರನ್ನು ಕರೆಸಿ ಹಾರ ತುರಾಯಿಗೆ ಖರ್ಚು ಮಾಡಬೇಡಿರಿ. ವಾರಕ್ಕೆ ಎರಡು ದಿನ ನಾನು ಬಂದು ಹೇಳಿಕೊಡುತ್ತೇನೆ, ಹಾರ್ಮೋನಿಯಂ ನನ್ನದೇ ತರುತ್ತೇನೆ. ಕಲಿಯುವ ಮಕ್ಕಳನ್ನು ನೀವು ಕಳಿಸಿರಿ.

ಪ್ರತಿಕ್ರಿಯೆ: ವಾರಸುದಾರರಲ್ಲಿ ಒಬ್ಬರು, ಸೊಲ್ಲಾಪುರದಿಂದ

ವಕೀಲ ಸಾಹೇಬರು ಸೂಚಿಸಿದ ಲಾವಣಿಯ ದಾರಿಯನ್ನು ಕಾಕಾ ಅವರಿಗೂ ಇಬ್ಬರು ಅತ್ತೆಯರಿಗೂ ಓದಿ ಹೇಳಿದೆ. ಹಿರಿಯ ಅತ್ತೆ ಕೇಳಿದ್ದು ಒಂದೇ: ದೇವರ ಕೋಣೆಯನ್ನು ಕುಟುಂಬದವರಿಗೇ ಬಿಡಬೇಕು, ವರ್ಷಕ್ಕೊಮ್ಮೆ ಮಹಾನವಮಿಗೆ ಎಲ್ಲರೂ ಬಂದು ಪೂಜೆ ಮಾಡಿಕೊಂಡು ಹೋಗಲು ಅಡ್ಡಿಯಿರಬಾರದು. ಬಾಡಿಗೆಯ ಮೊತ್ತದ ಬಗ್ಗೆ ಕುಟುಂಬದಲ್ಲಿ ಇನ್ನೂ ಒಮ್ಮತವಿಲ್ಲ, ಒಬ್ಬ ಕಾಕಾ ಮಾರಾಟವೇ ಲೇಸೆನ್ನುತ್ತಿದ್ದಾರೆ. ಅವರನ್ನು ಊರಿಗೆ ಕರೆದುಕೊಂಡು ಬರುತ್ತೇನೆ. ಇಂಜಿನಿಯರ್ ಸಾಹೇಬರು ಆ ಗೋಡೆಯ ಸಂದಿಯನ್ನು ಅವರಿಗೂ ತೋರಿಸಿ, ದುರಸ್ತಿ ಸಾಧ್ಯವೆಂಬುದನ್ನು ಎದುರಿಗೆ ನಿಂತು ಹೇಳಬೇಕು. ಯುಗಾದಿಯವರೆಗೆ ವ್ಯಾಪಾರಿಗಳ ಮುಂಗಡ ಹಣವನ್ನು ತೆಗೆದುಕೊಳ್ಳುವುದಿಲ್ಲವೆಂದು ಎಲ್ಲರೂ ಮಾತು ಕೊಟ್ಟಿದ್ದಾರೆ.

ಪ್ರತಿಕ್ರಿಯೆ: ಓಣಿಯ ನಿವಾಸಿ, ನಿವೃತ್ತ ಶಿಕ್ಷಕ

ದೇವರ ಕೋಣೆಯ ವಿಷಯದಲ್ಲಿ ಯಾರಿಗೂ ಎರಡನೆಯ ಮಾತಿಲ್ಲ, ಅದು ಪತ್ರದಲ್ಲಿಯೇ ಬರಲಿ. ಕಾಕಾ ಅವರು ಬಂದಾಗ ಅವರ ಮೇಲೆ ಯಾರೂ ಒತ್ತಡ ಹೇರಬಾರದೆಂದು ಎಲ್ಲರಲ್ಲಿಯೂ ಕೈಮುಗಿದು ಕೇಳುತ್ತೇನೆ. ಮಾರುವ ಹಕ್ಕು ಅವರಿಗಿದೆ, ಮನವೊಲಿಸುವ ಹಕ್ಕಷ್ಟೇ ನಮ್ಮದು.

ಯುಗಾದಿಗೂ ಮಿರಗದ ಮಳೆಗೂ ನಡುವೆ ಸಿಗುವುದು ಎರಡು ತಿಂಗಳು. ಪತ್ರ ನೋಂದಣಿಯಾದ ಮರುದಿನವೇ ಮಾಳಿಗೆಯ ಮಣ್ಣು ಇಳಿಸುವ ಕೆಲಸ ಶುರುವಾಗಬೇಕು. ಹಾಡು, ಮಗ್ಗ, ಆಟ ಎಲ್ಲವೂ ಅದರ ನಂತರ. ತಿಂಗಳಿಗೆ 100 ರೂಪಾಯಿ ಕೊಡಬಲ್ಲ ಮನೆಗಳ ಪಟ್ಟಿಯನ್ನು ವಿದ್ಯಾರ್ಥಿ ತಮ್ಮ ಮಾಡಲಿ. ಕೊಡಲಾಗದವರು ವರ್ಷಕ್ಕೆ ಒಂದು ದಿನ ಮಾಳಿಗೆಯ ಮಣ್ಣಿನ ಕೆಲಸಕ್ಕೆ ಬರಲಿ, ಅದನ್ನೂ ದೇಣಿಗೆಯೆಂದೇ ಪುಸ್ತಕದಲ್ಲಿ ಬರೆಯೋಣ. ಸಂಘದ ಏಳು ಹೆಸರುಗಳಲ್ಲಿ ನಾಲ್ಕು ಹೆಂಗಸರವಾಗಲಿ, ಖಜಾಂಚಿಯಾಗಿ ಖಣ ನೇಯುವ ಮನೆಯ ಮಗಳನ್ನೇ ಸೂಚಿಸುತ್ತೇನೆ. ಅದಕ್ಕೂ ಮೊದಲು, ಅಕಾಲದ ಮಳೆಯ ಭಯವಿರುವುದರಿಂದ, ಉಬ್ಬಿದ ಗೋಡೆಗೆ ಆಸರೆ ಕೊಡಬೇಕು ಮತ್ತು ಉತ್ತರದ ಪಡಸಾಲೆಯ ಮೇಲೆ ತಾಡಪತ್ರಿ ಹೊದಿಸಬೇಕು. ಇಂಜಿನಿಯರ್ ಸಾಹೇಬರು ರವಿವಾರ ಮುಂಜಾನೆ ಬರುವುದಾಗಿ ತಿಳಿಸಿದ್ದಾರೆ. ಊರೆಗೋಲಿಗೆ ಗಟ್ಟಿ ಕಟ್ಟಿಗೆ, ಹಗ್ಗ, ಏಣಿ ಇದ್ದವರು ಎಂಟು ಗಂಟೆಯೊಳಗೆ ವಾಡೆಯ ಮುಂದೆ ತಂದುಕೊಡಬೇಕು. ಕೀಲಿಯನ್ನು ಎದುರು ಮನೆಯ ಅಜ್ಜಿಯವರಿಂದ ನಾನು ತೆಗೆದುಕೊಂಡಿರುತ್ತೇನೆ.